ಮೂಳೆಗೆ ಮಾತ್ರೆ ನಡೆಯುತ್ತಿದೆ, ಸೊರಗುತ್ತಿರುವ ತೊಡೆಗಳಿಗೆ ಏನು ಮಾಡಬೇಕು?

ಪ್ರಶ್ನೆ (ಮಗಳು):
ನನ್ನ ತಾಯಿಗೆ 72 ವರ್ಷ, ತೂಕ 50 ಕೆ.ಜಿ. ಕಳೆದ ಮಳೆಗಾಲದಲ್ಲಿ ಹಿತ್ತಲಲ್ಲಿ ಜಾರಿ ಕೈಯೂರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಆಗ ಮಾಡಿಸಿದ ಡೆಕ್ಸಾ ಸ್ಕ್ಯಾನ್‌ನಲ್ಲಿ (ಮೂಳೆ ಸಾಂದ್ರತೆಯ ಪರೀಕ್ಷೆ) ಸೊಂಟದ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.7 ಬಂದಿತ್ತು, ಅಂದಿನಿಂದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಗಳು ನಡೆಯುತ್ತಿವೆ. ಮತ್ತೆ ಬೀಳುವ ಭಯದಿಂದ ಅವರು ಹೆಚ್ಚಾಗಿ ಕುಳಿತೇ ಇರುತ್ತಾರೆ. ತೊಡೆಗಳು ಸೊರಗಿವೆ, ಕುರ್ಚಿಯಿಂದ ಏಳಲು ಎರಡೂ ಕೈಗಳ ಆಸರೆ ಬೇಕು. ಮೂಳೆ ಮುರಿಯುವ ಅಪಾಯಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ (ಫಿಸಿಯೋಥೆರಪಿಸ್ಟ್):
ನೇರ ಸಂಬಂಧವಿದೆ. ಹಿರಿಯರ ಸೊಂಟದ ಮೂಳೆ ಮುರಿತಗಳಲ್ಲಿ ಶೇ. 90ಕ್ಕೂ ಹೆಚ್ಚು ಆಗುವುದು ಬಿದ್ದಾಗಲೇ. ಸ್ಕ್ಯಾನ್ ಮೂಳೆಯ ಸಾಂದ್ರತೆಯನ್ನು ತಿಳಿಸುತ್ತದೆಯೇ ಹೊರತು, ಎಡವಿದಾಗ ಕಾಲು ತಕ್ಷಣ ಮುಂದೆ ಬಂದು ದೇಹವನ್ನು ತಡೆದೀತೇ ಎಂಬುದನ್ನು ತಿಳಿಸುವುದಿಲ್ಲ. ವಯಸ್ಸಾದಂತೆ ಹೆಚ್ಚು ಕ್ಷೀಣಿಸುವುದು ಹಾಗೆ ಚುರುಕಾಗಿ ಬಲ ಕೊಡುವ ಸ್ನಾಯು ಎಳೆಗಳೇ. ಸ್ನಾಯು ಎಳೆದಾಗಲೆಲ್ಲ ಮೂಳೆಗೆ ಗಟ್ಟಿಯಾಗಿರಲು ಪ್ರಚೋದನೆ ಸಿಗುವುದರಿಂದ, ಸ್ನಾಯು ಸೊರಗಿದರೆ ಮೂಳೆಯೂ ಸೊರಗುತ್ತದೆ. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರು ಕೇವಲ 10 ದಿನ ಹಾಸಿಗೆಯಲ್ಲಿದ್ದುದರಿಂದ ಕಾಲುಗಳಲ್ಲಿ ಸುಮಾರು ಒಂದು ಕೆ.ಜಿ.ಯಷ್ಟು ಮಾಂಸಲ ಭಾಗವನ್ನು ಕಳೆದುಕೊಂಡರು. ಆದ್ದರಿಂದ ಕೂರಿಸಿಡುವುದು ರಕ್ಷಣೆಯಲ್ಲ ಎಂದು ನಾನು ಒತ್ತಿ ಹೇಳುತ್ತೇನೆ.

ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ, ಏಷ್ಯಾದ ತಜ್ಞರ 2019ರ ಮಾನದಂಡದ ಪ್ರಕಾರ ಅದು ಸ್ನಾಯುಕ್ಷಯ, ಅಂದರೆ ಸಾರ್ಕೋಪೀನಿಯಾದ ಎಚ್ಚರಿಕೆ. ನಿಮ್ಮ ತಾಯಿಗೆ ಕೈಯೂರದೆ ಏಳಲಾಗದಿರುವುದರಿಂದ ಗಡಿಯಾರದ ಅಗತ್ಯವೇ ಇಲ್ಲ. ನಡಿಗೆ ಒಳ್ಳೆಯದಾದರೂ ಅದೊಂದೇ ಸಾಲದು. ಭಾರದ ವಿರುದ್ಧ ದುಡಿಸುವ ವ್ಯಾಯಾಮ ಬೇಕು. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಎದ್ದು ಕೂರುವುದು, ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು ಇವುಗಳಿಂದ, ಜೊತೆಗೊಬ್ಬರು ನಿಂತಿರುವಾಗ, ಆರಂಭಿಸಿ ಕ್ರಮೇಣ ಹೆಚ್ಚಿಸಿ. ಬೆನ್ನು ಬಗ್ಗಿಸಿ ಪಾದ ಮುಟ್ಟುವ ವ್ಯಾಯಾಮ ಬೇಡ. ದುರ್ಬಲ ಬೆನ್ನುಮೂಳೆ ಅದರಿಂದ ಕುಸಿಯಬಹುದು.

ಉತ್ತರ (ಆಹಾರ ತಜ್ಞೆ):
ವ್ಯಾಯಾಮದ ಜೊತೆಗೆ ಪ್ರೋಟೀನ್ ಬೇಕು. ಹಿರಿಯರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಎಂದು ತಜ್ಞರು ಸೂಚಿಸುತ್ತಾರೆ. ನಿಮ್ಮ ತಾಯಿಗೆ 50ರಿಂದ 60 ಗ್ರಾಂ. ನೂರು ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ.ನಷ್ಟು ಕ್ಯಾಲ್ಸಿಯಂ ಇದ್ದರೂ ಪ್ರೋಟೀನ್ ಏಳು ಗ್ರಾಂ ಮಾತ್ರ. ಹಾಗಾಗಿ ಮುದ್ದೆಗೆ ತಿಳಿಸಾರಿನ ಬದಲು ಮೊಳಕೆ ಹುರುಳಿಯ ಗಟ್ಟಿ ಸಾರು, ಬೆಳಗಿನ ಉಪ್ಪಿಟ್ಟಿನ ಜೊತೆ ಮೊಟ್ಟೆ ಅಥವಾ ಒಂದು ಲೋಟ ಹಾಲು, ರಾತ್ರಿ ಮಜ್ಜಿಗೆಯ ಬದಲು ಗಟ್ಟಿ ಮೊಸರು ಕೊಡಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಉತ್ತರ (ಮೂಳೆ ವೈದ್ಯ):
ಟಿ-ಸ್ಕೋರ್ ಮೂಳೆ ಸವೆತದ (ಆಸ್ಟಿಯೋಪೊರೋಸಿಸ್) ಗಡಿಯಾದ ಮೈನಸ್ 2.5ಕ್ಕಿಂತ ಕೆಳಗಿದ್ದು ಒಮ್ಮೆ ಮೂಳೆಯೂ ಮುರಿದಿರುವಾಗ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪೂರಕಗಳಷ್ಟೇ ಹೊರತು ಪೂರ್ಣ ಚಿಕಿತ್ಸೆಯಲ್ಲ. ಮೂಳೆ ಸವೆತ ತಡೆಯುವ ಔಷಧಿಗಳಾದ ಅಲೆಂಡ್ರೋನೇಟ್ ಅಥವಾ ವರ್ಷಕ್ಕೊಮ್ಮೆ ಕೊಡುವ ಜೋಲೆಡ್ರೋನಿಕ್ ಆಮ್ಲದ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. 2007ರಲ್ಲಿ ಪ್ರಕಟವಾದ ಮೂರು ವರ್ಷಗಳ ಪ್ರಯೋಗದಲ್ಲಿ ಎರಡನೆಯದು ಸೊಂಟದ ಮುರಿತವನ್ನು ಶೇ. 41ರಷ್ಟು ತಗ್ಗಿಸಿತು. ಅದಕ್ಕೂ ಮೊದಲು ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಅಂಶ) ಹಾಗೂ ಹಲ್ಲುಗಳ ಪರೀಕ್ಷೆಯಾಗಲಿ. ನಿದ್ರೆ ಮಾತ್ರೆ, ಎದ್ದಾಗ ತಲೆಸುತ್ತು ತರುವ ಬಿ.ಪಿ. ಮಾತ್ರೆ, ಕಣ್ಣಿನ ಪೊರೆ ಇವೂ ಬೀಳಿಸುತ್ತವೆ. ಅವನ್ನೂ ಪರಿಶೀಲಿಸಿ, ಆದರೆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ (ಮಗಳು):
ಎಲ್ಲರಿಗೂ ಧನ್ಯವಾದಗಳು. ಏಳುವಾಗ ಅವರಿಗೆ ಮಂಡಿ ನೋಯುತ್ತದೆ. ಆಗ ವ್ಯಾಯಾಮ ನಿಲ್ಲಿಸಬೇಕೆ?

ಉತ್ತರ (ಫಿಸಿಯೋಥೆರಪಿಸ್ಟ್):
ನಿಲ್ಲಿಸಬೇಡಿ, ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಹೆಚ್ಚಿಸಿ. ಆರಂಭದಲ್ಲಿ ಕೈಯ ಆಸರೆ ಪಡೆಯಲಿ. ಬಲ ಬಂದಂತೆ ಮೊದಲು ಆಸರೆಯನ್ನು, ನಂತರ ಎತ್ತರವನ್ನು ಕಡಿಮೆ ಮಾಡಿ. ಮಂಡಿ ಊದಿಕೊಂಡರೆ ಅಥವಾ ನೋವು ಮರುದಿನವೂ ಉಳಿದರೆ ಒಮ್ಮೆ ತೋರಿಸಿ.