18 ಸಾವಿರದಾಗ ದೊಡ್ಡ ಟಿವಿ ತಗೋಬೇಕ್ರಿ, ನಿಮ್ಮ ಅನುಭವ ಹೇಳ್ರಿ

ಕೇಳಿದವರು: ಕೊಪ್ಪಳದ ಭಾಗ್ಯನಗರದಿಂದ

ನಮಸ್ಕಾರ್ರಿ ಎಲ್ಲರಿಗೂ. ನಮ್ಮ ಪಡಸಾಲ್ಯಾಗ ಹತ್ತು ವರ್ಷದ ಹಳೇ 24 ಇಂಚಿನ ಎಲ್‌ಇಡಿ ಟಿವಿ ಐತಿ. ಕೆಟ್ಟಿಲ್ಲ. ಆದ್ರ ಅಪ್ಪಗ ಕಣ್ಣಿನ ಪೊರಿ ಆಪರೇಷನ್ ಆಗೈತಿ, ಹೊರಸಿನ ಮ್ಯಾಲ ಕುಂತ್ರ ಸ್ಕೋರು ಕಾಣಂಗಿಲ್ಲ. ಓವರಿಗೊಮ್ಮೆ ಎದ್ದು ಹೋಗಿ ಟಿವಿಗೆ ಮುಖ ಹಚ್ಚಿ ನಿಂದರತಾರ. ಹಿಂದ ಕುಂತ ಅವ್ವ, "ಟಿವಿ ನೋಡ್ಲೋ, ನಿಮ್ಮ ಬೆನ್ನು ನೋಡ್ಲೋ?" ಅಂತ ಬೈತಾಳ. ಹೊರಸಿಂದ ಗೋಡಿಗೆ ಒಂಬತ್ತು ಅಡಿ. ಕೈಯಾಗ 18 ಸಾವಿರ ಐತಿ, ಜಗ್ಗಿದ್ರ 20. 32 ತಗೊಳ್ಳೋದೋ 43 ತಗೊಳ್ಳೋದೋ? 4ಕೆ ಅಂತಾರಲ್ಲ, ಫುಲ್ ಎಚ್‌ಡಿಗಿಂತ ಸೂಕ್ಷ್ಮ ಚಿತ್ರದ್ದು, ಅದು ಬೇಕಾ? ಅಂಗಡ್ಯಾಗ ಚಲೋನೋ ಆನ್‌ಲೈನ್ ಚಲೋನೋ? ಸೆಟ್‌ಟಾಪ್ ಬಾಕ್ಸ್ ಹಳೇದು, ಕೆಂಪು, ಬಿಳಿ, ಹಳದಿ ಮೂರು ಪಿನ್ನಿಂದು.

ರಾಯಚೂರಿಂದ, ಹೈಸ್ಕೂಲ್ ಮೇಷ್ಟ್ರು

ಅಂಗಡ್ಯಾಗ ನಿಂತು ಸೈಜ್ ಆರಿಸಬ್ಯಾಡ್ರಿ. ಅಲ್ಲಿ 65, 55 ಸಾಲಾಗಿ ತೂಗು ಹಾಕಿರ್ತಾರ, ಅವುಗಳ ಬಾಜೂಕ 43 ಮೊಬೈಲ್‌ನಂಗ ಕಾಣತೈತಿ. ಮನೀಗೆ ತಂದ ಮ್ಯಾಲ ಗೋಡಿ ತುಂಬಿ ಹೋಗತೈತಿ. ಇಂಚು ಅಂದ್ರ ಮೂಲಿಯಿಂದ ಮೂಲಿಗೆ ಹಿಡಿದ ಅಳತಿ. 32 ಅಂದ್ರ ಪರದಿ ಅಗಲ ಸುಮಾರು 71 ಸೆಂ.ಮೀ., ಎತ್ತರ 40. 43 ಅಂದ್ರ ಅಗಲ 95, ಎತ್ತರ 53. ಹಳೇ ಪೇಪರ್ ಈ ಎರಡೂ ಅಳತಿಗೆ ಕತ್ತರಿಸಿ ಗೋಡಿಗೆ ಅಂಟಿಸ್ರಿ, ಅಪ್ಪಾರನ್ನ ಹೊರಸಿನ ಮ್ಯಾಲ ಕುಂದ್ರಿಸಿ ತೋರಿಸ್ರಿ. ನಿಮ್ಮ 24ರ ಅಗಲನೂ 53 ಸೆಂ.ಮೀ.ನ ಐತಿ. ಈಗಿನ ಟಿವಿ ಅಡ್ಡ ಇರೋದನ್ನ ಉದ್ದ ನಿಲ್ಲಿಸಿದ್ರ ಎಷ್ಟು ಎತ್ತರ ಬರತೈತೋ, 43 ಅಷ್ಟು ಎತ್ತರ ಇರತೈತಿ. ಒಂಬತ್ತು ಅಡಿಯಿಂದ 32 ನೋಡಿದ್ರ ಅಪ್ಪಾರು ಮತ್ತ ಎದ್ದು ಹೋಗ್ತಾರ ಅಂತ ನನಗ ಅನಸತೈತಿ. ಆ ದೂರಕ್ಕ 43 ಇಂಚಿನಾಗ 4ಕೆ, ಫುಲ್ ಎಚ್‌ಡಿ ಎರಡಕ್ಕೂ ಫರಕ್ ನನ್ನ ಕಣ್ಣಿಗಂತೂ ಹತ್ತಿಲ್ಲ.

ಬಳ್ಳಾರಿಯಿಂದ, ಮೊದಲು ಟಿವಿ ಮಾರುತ್ತಿದ್ದವರು

ಬೆಂಗಳೂರು ರೋಡಿನ ಒಂದು ಶೋರೂಮಿನಲ್ಲಿ ನಾಲ್ಕು ವರ್ಷ ಟಿವಿ ಸೆಕ್ಷನ್‌ನಲ್ಲಿದ್ದೆ. ಈಗ ಬಿಟ್ಟಿದ್ದೀನಿ, ಅದಕ್ಕೇ ಧೈರ್ಯವಾಗಿ ಹೇಳ್ತೀನಿ. ಅಂಗಡಿಯಲ್ಲಿ ಓಡುತ್ತಿರುವ ಗಿಳಿ, ಹಣ್ಣು, ಸಮುದ್ರದ ವಿಡಿಯೋ ನೋಡಿ ಮರುಳಾಗಬೇಡಿ. ಅದು ಟಿವಿ ಮಾರುವುದಕ್ಕೆಂದೇ ತೆಗೆದದ್ದು. ಮೇಲೆ ಪಿಕ್ಚರ್ ಮೋಡ್ 'ವಿವಿಡ್' ಇಟ್ಟಿರ್ತೀವಿ, ಎಲ್ಲರ ಮುಖಕ್ಕೂ ಕುಂಕುಮ ಬಳಿದಂತೆ ಬಣ್ಣ ಬರುತ್ತೆ. "ನಮ್ಮ ಮನೆಯಲ್ಲಿ ಬರೋ ಕನ್ನಡ ಚಾನೆಲ್ ಹಾಕಿ, ಮೋಡ್ ಸ್ಟ್ಯಾಂಡರ್ಡ್‌ಗೆ ತನ್ನಿ" ಅನ್ನಿ. ನಮ್ಮ ಹುಡುಗರು ಸ್ವಲ್ಪ ಮುಖ ಸಿಂಡರಿಸ್ತಾರೆ, ಆದರೆ ಹಾಕ್ತಾರೆ. ಆಮೇಲೆ ಪಕ್ಕಕ್ಕೆ ಸರಿದು ಓರೆಯಲ್ಲಿ ನೋಡಿ. ಕೆಲವು ಪ್ಯಾನೆಲ್‌ಗಳಲ್ಲಿ, ಅಂದರೆ ಪರದೆಗಳಲ್ಲಿ, ಎದುರಿಗೆ ಕಪ್ಪು ಚೆನ್ನಾಗಿರುತ್ತೆ, ಪಕ್ಕಕ್ಕೆ ಹೋದರೆ ಬಣ್ಣ ಪೇಲವ. ನಿಮ್ಮ ತಾಯಿಯವರು ಅಡುಗೆಮನೆ ಬಾಗಿಲಿಂದ ಧಾರಾವಾಹಿ ನೋಡುವವರಾದರೆ ಇದು ಮುಖ್ಯ. ಈ ರೇಟಿನ ಟಿವಿ ಮೇಲೆ 'ಎಚ್‌ಡಿಆರ್' (ಬೆಳಕು-ಕತ್ತಲಿನ ಅಂತರ ಹೆಚ್ಚಾಗಿ ತೋರಿಸೋದು) ಅನ್ನೋ ಸ್ಟಿಕ್ಕರ್ ಇದ್ದರೆ ಅದಕ್ಕಾಗಿ ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ಸಿಗ್ನಲ್ ಒಳಗೆ ಬರುತ್ತೆ, ಅದನ್ನು ತೋರಿಸುವಷ್ಟು ಬೆಳಕು ಪರದೆಗಿರಲ್ಲ.

ಇನ್ನು ರೇಟು. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪರ್ಸೆಂಟಿಗೆ ಇಳಿದಿದೆ. 32ಕ್ಕೆ ಅದಕ್ಕೂ ಮೊದಲೇ 18 ಇತ್ತು. ತೆರಿಗೆ ಬಿಟ್ಟು 15,000 ಇದ್ದ 43 ಇಂಚಿನ ಟಿವಿ ಆಗ 19,200 ಬೀಳುತ್ತಿತ್ತು, ಈಗ 17,700. ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ನೋಡಿಕೊಳ್ಳಿ. 'ಬಡ್ಡಿ ಇಲ್ಲದ ಇಎಂಐ' ಅನ್ನೋದರಲ್ಲಿ ಬಡ್ಡಿ ಇದ್ದೇ ಇರುತ್ತೆ. ಅಷ್ಟು ಮೊತ್ತ ಡಿಸ್ಕೌಂಟ್ ಅಂತ ಮೊದಲೇ ಕಳೀತಾರೆ, ಬಡ್ಡಿ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಿಮ್ಮ ತಲೆಗೆ. ನಗದು ಕೊಡುವವರು "ಆ ಡಿಸ್ಕೌಂಟ್ ನಮಗೂ ಕೊಡಿ" ಅಂತ ಕೇಳಬೇಕು. ಹತ್ತು ಜನರಲ್ಲಿ ಒಬ್ಬರು ಕೇಳ್ತಿದ್ದರು, ಅವರಿಗೆ ಏನಾದರೂ ಬಿಟ್ಟುಕೊಡ್ತಿದ್ದೆವು. ಕೊನೇಪಕ್ಷ ವಾಲ್ ಮೌಂಟ್ ಆದರೂ ಫ್ರೀ.

ಗಂಗಾವತಿಯಿಂದ, ಟಿವಿ ರಿಪೇರಿ ಅಂಗಡಿಯವರು

ಹದಿನೆಂಟು ವರ್ಷದಿಂದ ಇದೇ ಕೆಲಸ. ಡಬ್ಬಾ ಟಿವಿ ಕಾಲದಿಂದ ನೋಡೀನಿ. ನನ್ನ ಟೇಬಲ್ ಮ್ಯಾಲ ಬರೋ ಎಲ್‌ಇಡಿ ಟಿವಿಗೋಳು ಬಹುತೇಕ ಎರಡ ಕಾರಣಕ್ಕ ಬರ್ತಾವ.

ಒಂದು ಬ್ಯಾಕ್‌ಲೈಟ್, ಅಂದ್ರ ಪರದಿ ಹಿಂದಿನ ಬೆಳಕು. ಸೌಂಡ್ ಬರತೈತಿ, ಚಿತ್ರ ಇಲ್ಲ. ಮಂದಿ ಪ್ಯಾನೆಲ್ ಹೋತು ಅಂತ ಹೊಸದ ತಗೊಂಡು ಬಿಡ್ತಾರ. ತಡೀರಿ. ಖೋಲಿ ಕತ್ತಲ ಮಾಡಿ, ಟಿವಿ ಹಚ್ಚಿ, ಮೊಬೈಲ್ ಟಾರ್ಚ್ ಪರದಿಗೆ ಹತ್ತಿರ ಓರೆ ಹಿಡೀರಿ. ಮಸುಕಾಗಿ ಮನಷ್ಯಾರು ಓಡಾಡೋದು ಕಂಡ್ರ ಪ್ಯಾನೆಲ್ ಜೀವಂತ ಐತಿ, ಹಿಂದಿನ ಎಲ್‌ಇಡಿ ಪಟ್ಟಿ ಅಷ್ಟ ಸತ್ತಾವ. 32ಕ್ಕ ನಾನು 1,500ರ ಆಜೂಬಾಜು ತಗೋತೀನಿ. ಪ್ಯಾನೆಲ್‌ನ ಒಡದಿದ್ರ ಕೈ ಮುಗದು ವಾಪಸ್ ಕಳಸ್ತೀನಿ, ಆ ರೊಕ್ಕದಾಗ ಹೊಸಾದರ ಅರ್ಧಕ್ಕಿಂತ ಹೆಚ್ಚು ಬರತೈತಿ. ಪಟ್ಟಿ ಯಾಕ ಸುಡ್ತಾವ ಅಂದ್ರ, ತಂದ ದಿನದಿಂದ ಬ್ಯಾಕ್‌ಲೈಟ್ 100ಕ್ಕ ಇಟ್ಟು ನೋಡ್ತಾರ. ನಮ್ಮ ಕಡೆ ಬ್ಯಾಸಗಿ 40 ಡಿಗ್ರಿ ದಾಟಿದ್ದು, ಟಿವಿ ಪಡವಣ ಬಿಸಲು ಬಡಿಯೋ ಗೋಡಿಗೆ ಅಂಟಿಕೊಂಡಿದ್ದು, ಅದರ ಮ್ಯಾಲ ಇದು. 60ಕ್ಕ ಇಳಸ್ರಿ. ಹಿಂದ ನಾಕು ಬೆರಳು ಗಾಳಿ ಆಡ್ಲಿ.

ಎರಡನೇದು ಪವರ್ ಸಪ್ಲೈ ಬೋರ್ಡ್. ಮಂದಿ ಕೇಳ್ತಾರ, ಅಣ್ಣಾರ ಸ್ಟೆಬಿಲೈಸರ್ ಬೇಕೇನ್ರಿ ಅಂತ. ಟಿವಿ ಹಿಂದಿನ ಚೀಟಿ ಓದ್ರಿ. ಬಹುತೇಕ ಟಿವಿಗೆ 100ರಿಂದ 240 ವೋಲ್ಟ್ ಅಂತ ಬರದಿರತೈತಿ. ಕರೆಂಟ್ ಡಿಮ್ ಆದ್ರ ಅದಕ್ಕೇನೂ ಆಗಂಗಿಲ್ಲ. ಸಾಯೋದು ವೋಲ್ಟೇಜ್ ಏರಿದಾಗ. ಗಾಳಿ ಮಳಿಗೆ ಕಂಬದಾಗ ನ್ಯೂಟ್ರಲ್ ತಂತಿ ಕಡೀತು ಅಂದ್ರ ಮೂರು ಫೇಸಿನ ಲೈನ್‌ನಾಗ ಒಬ್ಬರ ಮನೀಗೆ ವೋಲ್ಟೇಜ್ ಇಳೀತೈತಿ, ಇನ್ನೊಬ್ಬರ ಮನೀಗೆ 300 ದಾಟತೈತಿ, 400ರ ತನಕ ಹೋಗಬಹುದು. ಒಂದ ಓಣಿಯಿಂದ ಒಂದ ದಿನ ಏಳು ಟಿವಿ ಬಂದಿದ್ದು ನಾ ಕಂಡೀನಿ. ಅದಕ್ಕ ಹೈ ವೋಲ್ಟೇಜ್ ಬಂದ್ರ ಕಟ್ ಮಾಡೋ ಸ್ಟೆಬಿಲೈಸರ್ ಸಣ್ಣದು ಸಾಕು. ಬಲ್ಬ್ ಒಮ್ಮಿಗೇ ಬೆಳ್ಳಗ ಉರದು ಫ್ಯಾನ್ ಜೋರಾಗಿ ತಿರಗಾಕ ಹತ್ತಿತು ಅಂದ್ರ ಏನೂ ಇಚಾರ ಮಾಡಬ್ಯಾಡ್ರಿ, ಮೇನ್ ಇಳಸ್ರಿ. ಗುಡುಗು ಸಿಡಿಲು ಶುರು ಆಗೋಕಿಂತ ಮೊದಲ ಬರೇ ಪ್ಲಗ್ ಕಿತ್ತು ಸುಮ್ಮನ ಕುಂದರಬ್ಯಾಡ್ರಿ, ಡಿಶ್ ವೈರೂ ಕೀಳ್ರಿ. ಸಿಡಿಲು ಮಾಳಿಗಿ ಮ್ಯಾಲಿನ ಛತ್ರಿಯಿಂದ ಇಳದು ಬಾಕ್ಸಿಗೆ, ಬಾಕ್ಸಿಂದ ಟಿವಿಗೆ ಬರತೈತಿ.

ಯಾವ ಕಂಪನಿ ಅಂತ ಕೇಳಬ್ಯಾಡ್ರಿ. ಕೊಪ್ಪಳಕ್ಕ ಅವರ ಸರ್ವಿಸ್ ಮನಷ್ಯಾ ಬರತಾನೋ, ಇಲ್ಲಾ ಟಿವಿ ಹುಬ್ಬಳ್ಳಿಗೆ ಹೊರಬೇಕೋ, ಅದನ್ನ ತಗೊಳ್ಳೋಕಿಂತ ಮೊದಲ ಅವರ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ ಕೇಳ್ರಿ.

ಸಿಂಧನೂರಿಂದ, ಹೊಲಿಗೆ ಕೆಲಸದವರು

ಅಣ್ಣಾ, ನಾನು ಮೋಸ ಹೋದದ್ದನ್ನ ಕೇಳಿ. ಎಕ್ಸಿಬಿಷನ್‌ನಲ್ಲಿ 43 ಇಂಚು 'ಸ್ಮಾರ್ಟ್ ಆಂಡ್ರಾಯ್ಡ್' 12,500ಕ್ಕೆ ಅಂದ್ರು. ಹೆಸರು ಯಾವತ್ತೂ ಕೇಳಿರದ ಕಂಪನಿ. ಚೀಟಿ ದುಡ್ಡು ಎತ್ತಿ ತಂದೆ. ಮನೆಗೆ ಬಂದ ಮೇಲೆ ಗೊತ್ತಾಯ್ತು, ಅದರೊಳಗಿರೋದು ಮೊಬೈಲಿನ ಆ್ಯಪ್‌ಗಳು. ರಿಮೋಟಿಂದ ಒತ್ತಿದ್ರೆ ಕೆಲವು ಓಡೋದೇ ಇಲ್ಲ, ಮೌಸ್ ಹಾಕಬೇಕು. ಸಿನಿಮಾ ಆ್ಯಪ್ ತೆರೆದರೆ ಚಿತ್ರ ನೀರಲ್ಲಿ ಕಂಡಂಗೆ ಮಸುಕು. ಅದಕ್ಕೆ ಲೈಸೆನ್ಸ್ ಇಲ್ಲ, ಅಂಥ ಟಿವಿಗೆ ಆ್ಯಪ್‌ನವರು ಎಚ್‌ಡಿ ಬಿಡಲ್ಲ ಅಂತ ನನ್ನ ತಮ್ಮ ಹೇಳಿದ. ದುಡ್ಡು ಕೊಡೋ ಮೊದಲು ಅಂಗಡೀಲೇ ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ನೀವು ಮನೇಲಿ ನೋಡೋ ಆ್ಯಪ್ ತೆರೆಸಿ ಐದು ನಿಮಿಷ ನೋಡಿ. ಕಡಿಮೆ ಮೆಮೊರಿ ಇದ್ರೆ ಅಲ್ಲೇ ಗಿರಗಿರ ತಿರುಗೋಕೆ ಶುರು ಮಾಡುತ್ತೆ.

ಸಂಡೂರಿಂದ

ಒಂದು ಮಾತು. ನಮ್ಮಲ್ಲಿ ಅದಿರಿನ ಕೆಂಪು ಧೂಳು, ನಿಮ್ಮಲ್ಲಿ ಬೇರೆ ಧೂಳು. ಗಾಜು ಒರೆಸುವ ನೀಲಿ ಸ್ಪ್ರೇ ನೇರ ಪರದೆಗೆ ಹೊಡೆದು ನಾನು ಎರಡು ಕಡೆ ಲೇಪ ಎಬ್ಬಿಸಿದೆ. ಕೆಳಗೆ ಇಳಿದ ನೀರು ಅಂಚಿನೊಳಗೆ ಹೋಗಿ ಗೀಟೂ ಬಂತು. ಟಿವಿ ಆಫ್ ಮಾಡಿ, ಕನ್ನಡಕ ಒರೆಸುವಂಥ ಮೆತ್ತನೆ ಬಟ್ಟೆಯಲ್ಲಿ ಒಣಗಲೇ ಒರೆಸಿ.

ರಾಯಚೂರಿಂದ, ಇನ್ನೊಬ್ಬರು

ಎಲ್ಲಾರೂ ಟಿವಿ ಟಿವಿ ಅನ್ನಾಕತ್ತೀರಿ, ಆ ಮೂರು ಪಿನ್ನಿನ ಬಾಕ್ಸ್ ಯಾರೂ ನೋಡವಲ್ರಿ! ಅದು ಎಸ್‌ಡಿ ಬಾಕ್ಸ್, ಎಚ್‌ಡಿಗಿಂತ ಕಡಿಮಿ ಸ್ಪಷ್ಟ ಚಿತ್ರ ಕೊಡೋ ಹಳೇ ನಮೂನಿದು. ಅದನ್ನ 43ಕ್ಕ ಜೋಡಿಸಿದ್ರ ಸಣ್ಣ ಫೋಟೋ ಹಿಗ್ಗಿಸಿ ಫ್ಲೆಕ್ಸ್ ಹಾಕಿಸಿದಂಗ ಆಗತೈತಿ, ಸ್ಕೋರಿನ ಅಂಕಿ ದೊಡ್ಡದಾದ್ರೂ ಅಂಚು ಕದಡಿರತೈತಿ. ಮೊದಲ ಎಚ್‌ಡಿ ಬಾಕ್ಸ್ ಹಾಕಿಸಿ, ಎಚ್‌ಡಿಎಂಐ ವೈರ್‌ನಾಗ ಹಳೇ 24ಕ್ಕ ಜೋಡಿಸಿ ಒಂದು ವಾರ ನೋಡ್ರಿ. ಕ್ರಿಕೆಟ್ಟಿನ ಒಂದು, ಕನ್ನಡದ ಒಂದು, ಎರಡ ಎಚ್‌ಡಿ ಚಾನೆಲ್ ಸಾಕು. ಅಪ್ಪಾರಿಗೆ ಅಷ್ಟಕ್ಕ ಕಂಡ್ರ 16 ಸಾವಿರ ಉಳೀತು. ದೂರದರ್ಶನದ ಪುಕ್ಕಟ ಫ್ರೀ ಡಿಶ್ ಇದ್ದವ್ರಿಗೆ ಈ ಮಾತು ಅಷ್ಟು ಹತ್ತಂಗಿಲ್ಲ, ಅದರಾಗ ಬಹುತೇಕ ಚಾನೆಲ್ ಎಸ್‌ಡಿನ.

ಕರೆಂಟಿಂದೂ ಹೇಳಿಬಿಡ್ತೀನಿ. 43 ಇಂಚು 80 ವ್ಯಾಟ್ ಹಿಡೀರಿ, ದಿನಾ ಐದು ತಾಸು ಅಂದ್ರ ತಿಂಗಳಿಗೆ 12 ಯೂನಿಟ್. ನಿಮ್ಮ 24ಕ್ಕ ನಾಕೈದು ಯೂನಿಟ್ ಆಗತಿರಬೇಕು. ಗೃಹಜ್ಯೋತಿ ಅಂದ್ರ ಎಲ್ಲಾರಿಗೂ 200 ಯೂನಿಟ್ ಪುಕ್ಕಟ ಅಂತ ಅಲ್ಲ, ನಿಮ್ಮ ಹಳೇ ಸರಾಸರಿ ಮ್ಯಾಲ ಸ್ವಲ್ಪ ಸೇರಿಸಿ ಮಿತಿ ಹಾಕಿರ್ತಾರ. ಅಂಚಿನಾಗ ಇದ್ರ ಬಿಲ್ ನೋಡಿಕೊಂಡು ಮುಂದುವರೀರಿ.

ಗಂಗಾವತಿಯ ರಿಪೇರಿಯವರು ಮತ್ತೆ

ಬಾಕ್ಸಿನ ಮಾತು ಖರೇ ಐತಿ, ಒಪ್ಪಿದೆ. ಆದ್ರ 24 ಅಂದ್ರ 24ರಿ, ಒಂಬತ್ತು ಅಡಿಗೆ ಅಂಕಿ ಬೆಳೆಯಂಗಿಲ್ಲ.

ಕೇಳಿದವರು, ಭಾಗ್ಯನಗರದಿಂದ, ಎಂಟು ದಿನ ಬಿಟ್ಟು

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಎಚ್‌ಡಿ ಬಾಕ್ಸ್ ಹಾಕಿಸಿದೆ. ಅವ್ವಗ ಧಾರಾವಾಹಿ ಸೀರಿ ಅಂಚಿನ ಚಿಕ್ಕಿ ಸುದ್ದಾ ಕಾಣಾಕ ಹತ್ಯಾವ, ಆಕಿ ಹಳೇ ಟಿವಿನ ಸಾಕು ಅಂತಾಳ. ಅಪ್ಪಗ ಇನ್ನೂ ಸಾಲವಲ್ದು. ಮೇಷ್ಟ್ರು ಹೇಳಿದಂಗ ಎರಡೂ ಪೇಪರ್ ಅಂಟಿಸಿದ್ದೆ. ಅಪ್ಪ ಹೊರಸಿನ ಮ್ಯಾಲ ಕುಂತು 43ರ ಪೇಪರ್‌ನಾಗಿನ ಹೆಡ್‌ಲೈನ್ ಓದಿ, "ಇದರಾಗ ಕಾಣತೈತಿ, ಇದನ್ನ ತರ್ರಿ" ಅಂದ್ರು. ಹೆಡ್‌ಲೈನ್ ಎರಡೂ ಪೇಪರಿನಾಗ ಒಂದ ಸೈಜ್ ಐತಿ ಅಂತ ನಾ ಹೇಳಲಿಲ್ಲ.

43ರ ಫುಲ್ ಎಚ್‌ಡಿ ಒಂದು ಜವಾಹರ್ ರೋಡಿನ ಅಂಗಡ್ಯಾಗ 17,900ಕ್ಕ ನೋಡೀನಿ. ಅವರ ಸರ್ವಿಸ್ ಕೊಪ್ಪಳದಾಗ ಐತಿ ಅಂತ ಪಿನ್‌ಕೋಡ್ ಹೇಳಿ ಕೇಳಿದೆ. ಇಎಂಐ ಡಿಸ್ಕೌಂಟ್ ನಗದಿಗೆ ಕೊಡ್ರಿ ಅಂದದ್ದಕ್ಕ 400 ಬಿಟ್ರು, ವಾಲ್ ಮೌಂಟೂ ಕೊಡ್ತೀನಿ ಅಂದಾರ. ಒಂದ ತೊಡಕು ಉಳದೈತಿ. ಪೇಪರ್ ಗೋಡಿಗೆ ಅಂಟಿಸಿ ನೋಡಿದ್ದೆ, ಟಿವಿ ಇಡೋ ಶೋಕೇಸಿನ ಗೂಡು ಅಳದಿರಲಿಲ್ಲ. ಅದು 90 ಸೆಂ.ಮೀ. ಐತಿ. ಬಡಿಗ್ಯಾರು ಐತವಾರ ಬಂದು ನಡು ಹಲಗಿ ಕೊಯ್ದು ಕೊಡ್ತೀನಿ ಅಂದಾರ, 500 ರೂಪಾಯಿ. ಹಲಗಿ ಮ್ಯಾಲಿನ ಗಣಪತಿ ಎಲ್ಲಿ ಇಡೋದು ಅಂತ ಅವ್ವ ಕೇಳಾಕತ್ಯಾಳ.