ಗಾಬರಿ ಆದಾಗ ಸಿಗರೇಟು ಹಚ್ಚುವವರಿಗೆ: ಮನೋವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕೋಲಾರ, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು): ಮೇಡಂ, ನನಗೆ 34 ವರ್ಷ. ದಿನಕ್ಕೆ ಒಂದು ಪ್ಯಾಕ್ ಸಿಗರೇಟು ಬೇಕು. ಹೋದ ಸೀಸನ್‌ನಲ್ಲಿ ಎಪಿಎಂಸಿಯಲ್ಲಿ ಹರಾಜು ನಡೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಎದೆ ಡವಡವ ಅಂತು. ಉಸಿರು ಸಿಕ್ಕಿಕೊಂಡಿತು, ಕೈಯೆಲ್ಲ ಜೋಮು. ಹಾರ್ಟ್ ಅಟ್ಯಾಕೇ ಅಂದುಕೊಂಡು ಆಸ್ಪತ್ರೆಗೆ ಓಡಿದೆ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ನಾರ್ಮಲ್, ಇದು ಪ್ಯಾನಿಕ್ ಅಟ್ಯಾಕ್ ಅಂದರು. ಆಮೇಲೆ ಆಗಾಗ ಬರುತ್ತಿದೆ. ಸಿಗರೇಟು ಬಿಡಲು ನೋಡಿದರೆ ಮೂರನೇ ದಿನಕ್ಕೆ ಗಾಬರಿ ಇನ್ನೂ ಜಾಸ್ತಿ. ಒಂದು ದಮ್ ಎಳೆದ ಕೂಡಲೇ ಸಮಾಧಾನ. ಹಾಗಾದರೆ ನನ್ನಂಥವನಿಗೆ ಸಿಗರೇಟೇ ಔಷಧಿ ಅಲ್ವಾ?

ಉತ್ತರ: ಮೊದಲೇ ಹೃದಯ ಪರೀಕ್ಷೆ ಮಾಡಿಸಿಕೊಂಡಿದ್ದು ತುಂಬಾ ಒಳ್ಳೆಯದಾಯಿತು. ಸೇದುವವರಿಗೆ ಎದೆಯಲ್ಲಿ ಏನೇ ಆದರೂ "ಬರೀ ಟೆನ್ಷನ್" ಅಂತ ಬಿಡಬಾರದು.

ನಿಮಗೆ ಸಿಗುವ ಸಮಾಧಾನ ಸುಳ್ಳಲ್ಲ. ಆದರೆ ಅದು ಎಲ್ಲಿಂದ ಬರುತ್ತದೆ ನೋಡಿ. ದಮ್ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆ ಚಡಪಡಿಕೆ, ಸಿಡಿಮಿಡಿ, ಒಳಗೊಳಗೇ ಗಾಬರಿ. ಇನ್ನೊಂದು ಹಚ್ಚಿದರೆ ಅದು ನಿಲ್ಲುತ್ತದೆ. ಅಂದರೆ ಹಿಂದಿನ ಸಿಗರೇಟು ಹುಟ್ಟಿಸಿದ ಗಾಬರಿಯನ್ನು ಮುಂದಿನದು ತಣ್ಣಗೆ ಮಾಡಿತು, ಅಷ್ಟೇ. ಸಾಹುಕಾರನ ಬಡ್ಡಿ ಕಟ್ಟಲು ಅದೇ ಸಾಹುಕಾರನ ಹತ್ತಿರ ಕೈಸಾಲ ತೆಗೆದ ಹಾಗೆ. ಮನಸ್ಸಿಗೆ ಹಾಯೆನಿಸುವ ಆ ಹೊತ್ತಿನಲ್ಲೇ ನಾಡಿ ಹಿಡಿದು ಎಣಿಸಿ. ಬಡಿತ ಏರಿರುತ್ತದೆ, ಏಕೆಂದರೆ ನಿಕೋಟಿನ್ ಅಡ್ರಿನಲಿನ್ ಬಿಡಿಸುತ್ತದೆ.

ಪ್ಯಾನಿಕ್ ಇರುವವರಿಗೆ ಇದರ ಮೇಲೆ ಇನ್ನೊಂದು ಕಷ್ಟ. ಅವರು ಮೈಯ ಸಣ್ಣ ಬದಲಾವಣೆಗೂ ಹೆದರುತ್ತಾರೆ. ಎದೆ ಸ್ವಲ್ಪ ಜೋರಾಗಿ ಬಡಿದರೆ "ಏನೋ ಆಗುತ್ತಿದೆ" ಅನ್ನಿಸುತ್ತದೆ. ಆ ಹೆದರಿಕೆಗೆ ಬಡಿತ ಇನ್ನೂ ಏರುತ್ತದೆ, ಅದನ್ನು ನೋಡಿ ಇನ್ನಷ್ಟು ಹೆದರಿಕೆ. ಸಿಗರೇಟು ದಿನವಿಡೀ ಇಂಥ ಬದಲಾವಣೆಗಳನ್ನೇ ಕೊಡುತ್ತದೆ: ಏರಿದ ಬಡಿತ, ಏದುಸಿರು, ತಲೆ ಹಗುರ. ಬಿಟ್ಟ ಮೊದಲ ದಿನಗಳಲ್ಲೂ ಮೈ ಹೀಗೇ ಅದರುತ್ತದೆ. ಹಾಗಾಗಿ ನೀವು ಮೂರನೇ ದಿನ ಸೋತಿದ್ದು ಮನಸ್ಸು ಗಟ್ಟಿ ಇಲ್ಲ ಅಂತ ಅಲ್ಲ. ನಿಕೋಟಿನ್ ಇಲ್ಲದ ತಳಮಳ ಜೋರಾಗಿರುವುದೇ ಆ ಎರಡು ಮೂರು ದಿನ. ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ಇಳಿಯುತ್ತದೆ.

ಅದು ಇಳಿದ ಮೇಲೆ ಏನಾಗುತ್ತದೆ ಅನ್ನುವುದೂ ಗೊತ್ತಿದೆ. 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸೇದುವುದನ್ನು ಮುಂದುವರಿಸಿದವರಿಗಿಂತ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಡಿಮೆಯಾಗಿದ್ದವು.

ಪ್ರಶ್ನೆ (ಅವರೇ): ಸರಿ ಮೇಡಂ, ಬಿಡಬೇಕು. ಆದರೆ ಆ ಮೂರನೇ ದಿನ ನೆನೆಸಿಕೊಂಡರೆ ಈಗಲೇ ಭಯ. ಅದೂ ಮಂಡಿಯಲ್ಲಿ ನಿಂತಾಗ ಬಂದರೆ?

ಉತ್ತರ: ಅದಕ್ಕೇ ಬಿಡುವ ದಿನ ನಾಳೆ ಬೇಡ. ಎರಡು ವಾರ ಬಿಟ್ಟು, ಟೊಮೆಟೊ ಆವಕ ಕಡಿಮೆ ಇರುವ ಒಂದು ದಿನ ಗೊತ್ತು ಮಾಡಿ. ಅಲ್ಲಿಯವರೆಗೆ ಮೈಗೆ ಅಭ್ಯಾಸ ಕೊಡೋಣ.

ಮನೆಯಲ್ಲಿ ನಿಂತ ಜಾಗದಲ್ಲೇ ಒಂದು ನಿಮಿಷ ಜೋರಾಗಿ ಓಡಿ. ಎದೆ ಡವಡವ ಅನ್ನುತ್ತದೆ. ಕೂರಬೇಡಿ, ನೀರು ಕುಡಿಯಬೇಡಿ, ನಾಡಿ ಮುಟ್ಟಿ ನೋಡಬೇಡಿ. ಬಡಿತ ತಾನಾಗಿ ಇಳಿಯುವವರೆಗೆ ಸುಮ್ನೆ ನಿಂತು ಗಮನಿಸಿ. ಇನ್ನೊಮ್ಮೆ ಎಳನೀರಿನ ಸ್ಟ್ರಾ ಬಾಯಲ್ಲಿಟ್ಟು, ಮೂಗು ಹಿಡಿದುಕೊಂಡು ಒಂದು ನಿಮಿಷ ಅದರಲ್ಲೇ ಉಸಿರಾಡಿ. ಉಸಿರು ಸಾಲದು ಅನ್ನಿಸುತ್ತದೆ, ಏನೂ ಆಗುವುದಿಲ್ಲ. ದಿನವೂ ಮಾಡಿದರೆ ಇದೇ ಡವಡವಕ್ಕೆ ಹೆದರುವುದು ಕಡಿಮೆಯಾಗುತ್ತದೆ. ನಿಮ್ಮ ಹೃದಯ ಚೆನ್ನಾಗಿದೆ ಅಂತ ಗೊತ್ತಾಗಿದೆ, ಅದಕ್ಕೆ ಹೇಳುತ್ತಿದ್ದೇನೆ. ಹೃದಯದ ತೊಂದರೆ, ಆಸ್ತಮಾ, ಫಿಟ್ಸ್ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಮಾಡಬೇಡಿ.

ಮಂಡಿಯಲ್ಲಿ ಬಂದರೆ ಓಡಿಹೋಗಬೇಡಿ. ಬಾಕ್ಸುಗಳ ಪಕ್ಕ ನಿಂತುಕೊಂಡೇ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಸಾಮಾನ್ಯವಾಗಿ 10 ನಿಮಿಷದೊಳಗೆ ಅದು ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಸಿಗರೇಟು ಹಚ್ಚಿದ್ದರೂ ಹಚ್ಚದಿದ್ದರೂ ಅದು ಇಳಿಯುವುದೇ. ಹಚ್ಚಿದಾಗ ಹೆಸರು ಮಾತ್ರ ಸಿಗರೇಟಿಗೆ ಹೋಗುತ್ತದೆ.

ಇನ್ನು ಕಾಫಿ, ಟೀ. ಇದನ್ನು ಯಾರೂ ಹೇಳುವುದಿಲ್ಲ, ದಯವಿಟ್ಟು ಗಮನ ಕೊಡಿ. ತಂಬಾಕಿನ ಹೊಗೆ ಲಿವರ್‌ನಲ್ಲಿ ಕೆಫೀನ್ ಬೇಗ ಕರಗುವಂತೆ ಮಾಡಿರುತ್ತದೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಆ ವೇಗ ಇಳಿಯುತ್ತದೆ. ಕುಡಿಯುವುದು ಅಷ್ಟೇ ಲೋಟ, ಆದರೆ ರಕ್ತದಲ್ಲಿ ಉಳಿಯುವ ಕೆಫೀನ್ ಹೆಚ್ಚು. ಕೈ ನಡುಕ, ನಿದ್ದೆ ಇಲ್ಲ, ಎದೆ ಬಡಿತ. "ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯಿತು" ಅಂತ ಮತ್ತೆ ಅಂಗಡಿ ಮುಂದೆ ನಿಲ್ಲುತ್ತಾರೆ. ಬಿಡುವ ದಿನದಿಂದಲೇ ಕಾಫಿ, ಟೀ ಅರ್ಧಕ್ಕೆ ಇಳಿಸಿ.

ನಿಕೋಟಿನ್ ಗಮ್ 2 ಮಿಲಿಗ್ರಾಂನದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇ ಬೇಕು ಅನ್ನುವವರಿಗೆ 4 ಮಿಲಿಗ್ರಾಂನದು ಬೇಕಾಗಬಹುದು, ಡಾಕ್ಟರನ್ನು ಕೇಳಿ. ಬಬಲ್ ಗಮ್ ಥರ ಜಗಿಯಬೇಡಿ. ನಿಧಾನವಾಗಿ ಜಗಿದು, ಬಾಯಲ್ಲಿ ಖಾರ ಬಂದ ಕೂಡಲೇ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಿ. ಖಾರ ಹೋದ ಮೇಲೆ ಮತ್ತೆ ಸ್ವಲ್ಪ ಜಗಿಯಿರಿ. ಗಬಗಬ ಜಗಿದರೆ ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ಪ್ಯಾನಿಕ್ ಇರುವವರು ಅದಕ್ಕೂ ಹೆದರಿ ಗಮ್ ಎಸೆದುಬಿಡುತ್ತಾರೆ.

ಪ್ರಶ್ನೆ (ನರಸಾಪುರ, ಫ್ಯಾಕ್ಟರಿ ಶಿಫ್ಟ್ ಕೆಲಸ): ಮೇಡಂ, ಅದರ ಬದಲು ವೇಪ್ ಆಗುತ್ತಾ?

ಉತ್ತರ: ಬೇಡ. 2019ರಿಂದ ನಮ್ಮ ದೇಶದಲ್ಲಿ ಇ-ಸಿಗರೇಟು ಮಾರುವುದು ನಿಷೇಧ. ಕದ್ದು ಮಾರುವುದರಲ್ಲಿ ಎಷ್ಟು ನಿಕೋಟಿನ್ ಇದೆಯೋ ತಿಳಿಯುವುದಿಲ್ಲ.

ಪ್ರಶ್ನೆ (ಮಾಲೂರು, ಗೃಹಿಣಿ): ನಮ್ಮ ಯಜಮಾನರು ಬೀಡಿ ಸೇದುತ್ತಾರೆ. ರಾತ್ರಿ ಗಾಬರಿಯಾಗಿ ಎದ್ದು ಕೂರುತ್ತಾರೆ. ಯಾರೋ ಹೇಳಿದರು ಅಂತ ಅಲ್ಪ್ರಾಜೋಲಮ್ ನುಂಗುತ್ತಾರೆ. ನಾನು ಬೈದರೆ ಹೊರಗೆ ಹೋಗಿ ಇನ್ನೊಂದು ಹಚ್ಚುತ್ತಾರೆ.

ಉತ್ತರ: ಅಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಬೈಯುವುದನ್ನು ಸ್ವಲ್ಪ ದಿನ ನಿಲ್ಲಿಸಿ ನೋಡಿ. ಗಾಬರಿಯಲ್ಲಿ ಇದ್ದವರಿಗೆ ಬೈಗುಳ ಸೇದಲು ಇನ್ನೊಂದು ಕಾರಣ ಆಗುತ್ತದೆ. ರಾತ್ರಿ ಎದ್ದಾಗ ಪಕ್ಕದಲ್ಲಿ ಕೂತು "ಇಳಿಯುತ್ತೆ, ನಾನಿದ್ದೀನಿ" ಅಂದರೆ ಸಾಕು. ಎದೆ ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಲ್ಪ್ರಾಜೋಲಮ್ ಸ್ವಂತವಾಗಿ ತೆಗೆದುಕೊಳ್ಳುವ ಮಾತ್ರೆಯಲ್ಲ. ಅದಕ್ಕೂ ಮೈ ಒಗ್ಗಿಕೊಂಡುಬಿಡುತ್ತದೆ. ಹಾಗಂತ ತಟಕ್ಕನೆ ನಿಲ್ಲಿಸಲೂಬಾರದು, ಡಾಕ್ಟರು ನಿಧಾನವಾಗಿ ಇಳಿಸಬೇಕು. ಪ್ಯಾನಿಕ್‌ಗೆ ಚಟ ಹಿಡಿಸದ ಬೇರೆ ಮಾತ್ರೆಗಳಿವೆ. ಸೇದುವುದನ್ನು ಬಿಡಿಸುವ ವೆರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆಗಳೂ ಇವೆ. ಇವುಗಳಿಂದ ಮನಸ್ಸು ಕೆಡುತ್ತದೆ ಅನ್ನುವ ಭಯ ತುಂಬಾ ಜನರಿಗಿತ್ತು. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 8 ಸಾವಿರಕ್ಕೂ ಹೆಚ್ಚು ಜನರ ಪರೀಕ್ಷೆಯಲ್ಲಿ ಅರ್ಧದಷ್ಟು ಮಂದಿಗೆ ಮೊದಲೇ ಮಾನಸಿಕ ತೊಂದರೆ ಇತ್ತು. ಅವರಲ್ಲೂ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್‌ಗಿಂತ ಅಥವಾ ಔಷಧಿಯಿಲ್ಲದ ಖಾಲಿ ಮಾತ್ರೆಗಿಂತ ಈ ಮಾತ್ರೆಗಳಿಂದ ಗಮನಾರ್ಹವಾಗಿ ಹೆಚ್ಚಿನ ತೊಂದರೆ ಕಾಣಲಿಲ್ಲ. ಯಾರಿಗೆ ಯಾವುದು ಅನ್ನುವುದನ್ನು ಮಾತ್ರ ನೋಡಿಯೇ ಹೇಳಬೇಕು.

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಕೇಳಿ. ಮನೆಯಿಂದಲೇ ಮಾತಾಡಬೇಕು ಅಂದರೆ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಂಬಾಕು ಬಿಡಲು 1800-11-2356, ಇದೂ ಉಚಿತ. ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಬೀಡಿ ನಿಂತ ಮೇಲೆ ಕೆಲವು ಮಾತ್ರೆಗಳ ಡೋಸ್ ಬದಲಿಸಬೇಕಾಗುತ್ತದೆ.