ಸಾವಾದ ಮನೆಯವರ ಜೊತೆ ವ್ಯವಹರಿಸುವಾಗ ಯಾವ ಹಂತದಲ್ಲಿ ಏನು ಮಾಡಬೇಕು?

ಆಫೀಸ್‌ಡೆಸ್ಕ್ ಕೇಳಿದ್ದು:
ಅಂತ್ಯಸಂಸ್ಕಾರದ ಏರ್ಪಾಟು ಮಾಡುವ ಸಣ್ಣ ಸಂಸ್ಥೆಯಲ್ಲಿ ಫೋನು, ಆಫೀಸು ನನ್ನ ಪಾಲಿಗಿದೆ. ಗಾಡಿ ಹೊತ್ತಿಗೆ ಸರಿಯಾಗಿ ಹೋಗುತ್ತದೆ, ಕೆಲಸವೂ ಅಚ್ಚುಕಟ್ಟು. ಆದರೂ ದೂರು ತಪ್ಪಿಲ್ಲ: "ಒಂದೇ ವಿಷಯ ನಾಲ್ಕು ಜನ ಕೇಳಿದರು", "ಇಷ್ಟು ಖರ್ಚಾಗುತ್ತದೆ ಅಂತ ಯಾರೂ ಮೊದಲೇ ಹೇಳಲಿಲ್ಲ", "ಮುಖ ನೋಡಿ ಗಾಬರಿಯಾಯಿತು". ಹೊಸಬರಿಗೆ "ಸಹಾನುಭೂತಿಯಿಂದ ನಡೆದುಕೊಳ್ಳಿ" ಅಂದುಬಿಟ್ಟರೆ ಅವರಿಗೆ ದಾರಿ ಸಿಗುವುದಿಲ್ಲ. ಪಾಲಿಸಲು ಬರುವಂಥದ್ದನ್ನು ತಿಳಿಸಿ.

ರಾತ್ರಿಪಾಳಿ:
ಮೊದಲ ಕರೆಯಲ್ಲಿ ಎಲ್ಲವನ್ನೂ ಕೇಳಲು ಹೋಗಬೇಡಿ. ಕರೆ ಮಾಡಿದವರ ನಂಬರು ಮೊದಲು (ಅಳುತ್ತಿರುವವರ ಫೋನ್ ಯಾವಾಗ ಕಟ್ಟಾಗುತ್ತದೋ ಹೇಳಲಾಗದು), ಆಮೇಲೆ ಅವರ ಹೆಸರು, ತೀರಿಕೊಂಡವರ ಹೆಸರು, ಇಬ್ಬರ ಸಂಬಂಧ, ಈಗ ಎಲ್ಲಿದ್ದಾರೆ, ವೈದ್ಯರು ಬಂದು ನೋಡಿದ್ದಾರಾ. ಕೊನೆಯದನ್ನು ಬಿಡಲೇಬಾರದು. ಅಪಘಾತ, ಬಿದ್ದು ಸತ್ತದ್ದು, ಕಾರಣ ಗೊತ್ತಿಲ್ಲದ ಹಠಾತ್ ಸಾವು ಆಗಿದ್ದರೆ ಪೊಲೀಸರ ಒಪ್ಪಿಗೆ ಇಲ್ಲದೆ ಅಲ್ಲಿಂದ ಕದಲಿಸಬೇಡಿ. ಅವಸರ ಮಾಡಿದರೆ ಆಮೇಲೆ ವಿಚಾರಣೆಗೆ ಅಲೆಯಬೇಕಾಗುವುದು ಮನೆಯವರೇ.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ: ಎಷ್ಟನೇ ಮಹಡಿ, ಲಿಫ್ಟ್ ಎಷ್ಟು ದೊಡ್ಡದು, ಮೆಟ್ಟಿಲಿನ ತಿರುವು ಕಿರಿದಾ, ತೀರಿಕೊಂಡವರ ಮೈಕಟ್ಟು ಹೇಗಿತ್ತು. ಸುಮಾರು 2 ಮೀಟರ್ ಉದ್ದದ ಗಟ್ಟಿ ಸ್ಟ್ರೆಚರ್ ಸಾಮಾನ್ಯ ಲಿಫ್ಟಿನಲ್ಲಿ ಹಿಡಿಸುವುದಿಲ್ಲ. ಹಿಡಿಕೆ, ಪಟ್ಟಿ ಇರುವ ಮಡಚುವ ಸ್ಟ್ರೆಚರ್ ಮತ್ತು ನಾಲ್ಕು ಜನ ಬೇಕಾಗುತ್ತದೆ. ಇಬ್ಬರೇ ಹೋಗಿ "ಸ್ವಲ್ಪ ಕೈ ಹಾಕಿ" ಎಂದು ಮಗನನ್ನೇ ಕರೆಯುವ ಹಾಗಾದರೆ, ಆ ಮೆಟ್ಟಿಲು ಅವನಿಗೆ ಜನ್ಮದಲ್ಲಿ ಮರೆಯುವುದಿಲ್ಲ.

"ಈಗ ಬಂದ್ವಿ" ಅನ್ನಬೇಡಿ. "ಒಂದೂವರೆ ಗಂಟೆಯೊಳಗೆ ನಮ್ಮವರು ಬರುತ್ತಾರೆ, ಹೊರಡುವಾಗ ಫೋನ್ ಮಾಡುತ್ತಾರೆ" ಎಂದು ಹೇಳಿ, ಹೇಳಿದಂತೆ ಮಾಡಿ.

ನಾಲ್ಕು ಜನ ಕೇಳುವುದನ್ನು ತಪ್ಪಿಸಲು ಒಂದೇ ಹಾಳೆ ಸಾಕು. ಫೋನ್ ತೆಗೆದವರು ಬರೆದದ್ದು ಗಾಡಿಯವರಿಗೆ, ಅಲ್ಲಿಂದ ಆಫೀಸಿಗೆ ಹೋಗಲಿ. ಮುಂದಿನವರು ಹೊಸದಾಗಿ ಕೇಳದೆ "ಹೀಗೆ ಬರೆದುಕೊಂಡಿದ್ದೇವೆ, ಸರಿಯಾ" ಅಂತ ಓದಿ ಹೇಳಲಿ. ದುಃಖದಲ್ಲಿರುವವರಿಗೆ ಹೇಳಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಸಮಯ, ಜಾಗ, ತರಬೇಕಾದ ಕಾಗದಗಳನ್ನು ಅದೇ ದಿನ ಮೆಸೇಜಿನಲ್ಲೂ ಕಳಿಸಿ.

ಶೀತಲಕೊಠಡಿ:
ಮುಖ ನೋಡಿ ಗಾಬರಿಯಾಗುವುದಕ್ಕೆ ಹೆಚ್ಚಿನ ಸಲ ಕಾರಣ ಮೊದಲ ಕೆಲವು ಗಂಟೆಗಳ ಅಲಕ್ಷ್ಯ. ಸಾವಾದ 2ರಿಂದ 6 ಗಂಟೆಯೊಳಗೆ ರೆಪ್ಪೆ, ದವಡೆ, ಕುತ್ತಿಗೆಯಿಂದ ಮೈ ಸೆಟೆದುಕೊಳ್ಳಲು ಶುರುವಾಗಿ, 12 ಗಂಟೆಯ ಹೊತ್ತಿಗೆ ಪೂರ್ತಿ ಬಿಗಿಯುತ್ತದೆ. ಕಣ್ಣು, ಬಾಯಿ ಮುಚ್ಚುವುದು, ಕೈಕಾಲು ನೇರ ಮಾಡುವುದು ಅದಕ್ಕೂ ಮುಂಚೆ ಆಗಬೇಕು. ತಲೆಯ ಕೆಳಗೆ ದಿಂಬು ಇಟ್ಟು ಎದೆಗಿಂತ ಎತ್ತರದಲ್ಲಿರಿಸಿ. ರಕ್ತ ತಗ್ಗಿಗೆ ಇಳಿಯುತ್ತದೆ; ತಲೆ ಕೆಳಗಾಗಿದ್ದರೆ ಮುಖ, ಕಿವಿ ನೇರಳೆಗಟ್ಟಿ ಆ ಬಣ್ಣ ಕೆಲ ಗಂಟೆಗಳ ನಂತರ ಹೋಗುವುದೇ ಇಲ್ಲ. ತುಟಿ, ರೆಪ್ಪೆ ಒಣಗಿ ಕಪ್ಪಾಗದಂತೆ ತೆಳುವಾಗಿ ವ್ಯಾಸಲಿನ್ ಹಚ್ಚಿ. ಕೆಲವು ದಿನದ ಮಟ್ಟಿಗಾದರೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ಸಾಕು. ತಂಪಿನಿಂದ ಹೊರತೆಗೆದಾಗ ಚರ್ಮದ ಮೇಲೆ ನೀರಹನಿ ಕೂರುತ್ತದೆ, ಅದನ್ನು ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆದ ಮೇಲೆಯೇ ಮನೆಯವರನ್ನು ಕರೆಯಿರಿ. ಇತ್ತೀಚಿನ ಫೋಟೋ ಕೇಳಿ ಇಟ್ಟುಕೊಳ್ಳಿ. ಬೈತಲೆ ಆ ಕಡೆ ಈ ಕಡೆ ಆದರೂ "ಇದು ನಮ್ಮಪ್ಪ ಅಲ್ಲ" ಅನ್ನಿಸಿಬಿಡುತ್ತದೆ.

ಒಳಗೆ ಬಿಡುವ ಮುಂಚೆ ಬಾಗಿಲಲ್ಲೇ ಹೇಳಿ: "ಕೈ ತಣ್ಣಗಿರುತ್ತದೆ, ಹಣೆಯ ಎಡಕ್ಕೆ ಗಾಯದ ಗುರುತಿದೆ, ಮುಟ್ಟಬಹುದು." ಮುಖ ನೋಡುವಂತಿಲ್ಲದಿದ್ದರೆ "ನೋಡಬೇಡಿ" ಎಂದು ಕಡ್ಡಿ ಮುರಿದ ಹಾಗೆ ಹೇಳುವುದು ತಪ್ಪು. ಏನಾಗಿದೆ ಎಂದು ನಿಜ ಹೇಳಿ, ಮುಖ ಮುಚ್ಚಿ ಒಂದು ಕೈಯನ್ನಷ್ಟೇ ಹೊರಗಿಟ್ಟು ಹಿಡಿದುಕೊಳ್ಳಲು ಬಿಡಬಹುದು. ನಿರ್ಧಾರ ಅವರದೇ.

ಗುರುತಿನ ಪಟ್ಟಿಯನ್ನು ಆಸ್ಪತ್ರೆ ಅಥವಾ ಮನೆ ಬಿಡುವ ಮೊದಲೇ ಪಾದದ ಗಂಟಿನ ಬಳಿ ಕಟ್ಟಿ. ಪ್ರತಿ ಸಲ ಕೈ ಬದಲಾದಾಗಲೂ ಇಬ್ಬರು ಜೋರಾಗಿ ಓದಲಿ. ಒಂದೇ ಹೆಸರಿನ ಇಬ್ಬರು ಬಂದ ದಿನ ಹೆಸರನ್ನೇ ನಂಬಬೇಡಿ, ವಯಸ್ಸು, ಗುರುತಿನ ಪಟ್ಟಿಯ ಮೇಲಿನ ನಂಬರು ಎರಡೂ ತಾಳೆಯಾಗಬೇಕು. ಒಡವೆಗಳ ಪಟ್ಟಿಗೆ ಮನೆಯವರ ಸಹಿ ಇರಲಿ. "ಚಿನ್ನದ ಉಂಗುರ" ಎಂದು ಬರೆಯಬೇಡಿ, "ಹಳದಿ ಲೋಹದ ಉಂಗುರ, ಬಲಗೈ" ಎಂದು ಬರೆಯಿರಿ. ಚಿನ್ನವೋ ಅಲ್ಲವೋ ನೀವು ಪರೀಕ್ಷಿಸಿಲ್ಲವಲ್ಲ.

ಬಿಲ್‌ಪುಸ್ತಕ:
ರಾತ್ರಿಪಾಳಿಯವರ ಮಾತಿಗೆ ಒಂದು ತಿದ್ದುಪಡಿ. ಮೊದಲ ಕರೆಯಲ್ಲೇ ದರ ಕೇಳಿದರೆ "ಬನ್ನಿ, ಮಾತಾಡೋಣ" ಎಂದು ತಳ್ಳಬೇಡಿ, ಹೇಳಿಬಿಡಿ. ಅಮೆರಿಕದಲ್ಲಿ 1984ರಿಂದ ಜಾರಿಯಲ್ಲಿರುವ ಫ್ಯೂನರಲ್ ರೂಲ್ ಪ್ರಕಾರ ಫೋನಿನಲ್ಲಿ ಕೇಳಿದರೂ ದರ ತಿಳಿಸಲೇಬೇಕು. ಬ್ರಿಟನ್ನಿನಲ್ಲೂ 2021ರಿಂದ ಒಂದೇ ನಮೂನೆಯ ದರಪಟ್ಟಿ ಕಡ್ಡಾಯ. ಕಾನೂನು ಇಲ್ಲದ ಕಡೆಯೂ ಇದೇ ಸರಿಯಾದ ರೀತಿ.

ಅಂದಾಜು ಪಟ್ಟಿಯಲ್ಲಿ ನಿಮ್ಮ ಶುಲ್ಕ ಬೇರೆ, ಬೇರೆಯವರಿಗೆ ಕಟ್ಟುವುದು ಬೇರೆ. ಪ್ರತಿ ಸಾಲಿನ ಮುಂದೆ "ಬೇಕೇ ಬೇಕು" ಅಥವಾ "ಬೇಕಿದ್ದರೆ" ಎಂದಿರಲಿ. ಎಲ್ಲಕ್ಕಿಂತ ಕಡಿಮೆಯ ಏರ್ಪಾಟೂ ಅದೇ ಹಾಳೆಯಲ್ಲಿ ಕಾಣಬೇಕು. ಮಾತಾಡುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು ಇರುತ್ತಾರೆ; ಸಹಿ ಮಾಡುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಪಟ್ಟಿಗೆ ಹೊಸದೇನು ಸೇರಿದರೂ ಅವರ ಒಪ್ಪಿಗೆ ಬರಹದಲ್ಲೇ ಇರಬೇಕು.

ದಹನವಾದರೆ ಪೇಸ್‌ಮೇಕರ್ ಇದೆಯಾ ಎಂದು ಕೇಳಲೇಬೇಕು. ಕುಲುಮೆಯ ಶಾಖಕ್ಕೆ ಅದರ ಬ್ಯಾಟರಿ ಸಿಡಿಯುತ್ತದೆ, ಮೊದಲೇ ತೆಗೆಸಬೇಕು. ಕಾರಣ ಹೇಳಿ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಯಂತ್ರದ ಕುಲುಮೆಯಿಂದ ಬರುವ ಬೂದಿ ವಯಸ್ಕರದ್ದಾದರೆ ಸಾಮಾನ್ಯವಾಗಿ 2-3 ಕಿಲೋ ತೂಗುತ್ತದೆ, 3 ಲೀಟರಿಗಿಂತ ಸ್ವಲ್ಪ ದೊಡ್ಡ ಪಾತ್ರೆ ಬೇಕು. ಅದನ್ನೂ ಮೊದಲೇ ತಿಳಿಸಿ. ಅಂಗೈಯಗಲದ ಡಬ್ಬಿ ಹಿಡಿದು ಬಂದವರೆದುರು ಬೂದಿ ಹಿಡಿಸದೆ ಹೋಗಬಾರದು.

ಆಫೀಸ್‌ಡೆಸ್ಕ್:
ಎಲ್ಲರಿಗೂ ಧನ್ಯವಾದ, ಒಂದೇ ಹಾಳೆಯ ಪದ್ಧತಿಯನ್ನು ನಾಳೆಯಿಂದಲೇ ಶುರುಮಾಡುತ್ತೇವೆ. ಎಲ್ಲ ಮುಗಿದ ಮೇಲೆ ಮನೆಯವರಿಗೆ ಫೋನ್ ಮಾಡಬೇಕಾ, ಅಥವಾ ಅದು ಕಿರಿಕಿರಿಯಾ?

ರಾತ್ರಿಪಾಳಿ:
ಒಂದು ಸಲ ಮಾಡಿ, 7-10 ದಿನ ಬಿಟ್ಟು, ಅವರಿಗೆ ಪರಿಚಯವಾದವರೇ ಮಾಡಲಿ. ಮರಣ ಪ್ರಮಾಣಪತ್ರ ಬಂತಾ, ಹೆಸರಿನ ಅಕ್ಷರಗಳು ಗುರುತಿನ ಚೀಟಿಗೆ ತಾಳೆಯಾಗುತ್ತವಾ, ಸಾಕಷ್ಟು ಪ್ರತಿ ತೆಗೆದುಕೊಂಡಿದ್ದಾರಾ ಎಂದು ವಿಚಾರಿಸಿ. ಒಂದಕ್ಷರ ತಪ್ಪಿದ್ದರೆ ಬ್ಯಾಂಕು, ವಿಮೆ ಎರಡೂ ಕಡೆ ಕೆಲಸ ನಿಲ್ಲುತ್ತದೆ. ಬೇರೇನನ್ನೂ ಮಾರಲು ಹೋಗಬೇಡಿ. "ನಮ್ಮ ಸೇವೆಗೆ ಎಷ್ಟು ಸ್ಟಾರ್" ಎಂದು ತಾನಾಗಿಯೇ ಹೋಗುವ ಮೆಸೇಜು, ಹಬ್ಬದ ಶುಭಾಶಯ, ತೀರಿಕೊಂಡವರ ನಂಬರಿಗೆ ಹುಟ್ಟುಹಬ್ಬದ ಹಾರೈಕೆ ಇವೆಲ್ಲ ನಿಮ್ಮ ಸಾಫ್ಟ್‌ವೇರಿನಲ್ಲಿ ಆನ್ ಆಗಿವೆಯಾ ಎಂದು ಇವತ್ತೇ ನೋಡಿ, ಇದ್ದರೆ ನಿಲ್ಲಿಸಿ.